ಚಳಿಗಾಲದ ಕಾಡಿಗೆ ಹೊರಟಿದ್ದೀರಾ? ಪೆಟ್ಟಿಗೆಯಲ್ಲಿ ನಿಮ್ಮ ಸ್ವೆಟರು ಇದೆಯೇ?

ಡಿಸೆಂಬರ್ ರಜೆ ಹತ್ತಿರ ಬಂತೆಂದರೆ ಮನೆಯಲ್ಲಿ ಒಂದೇ ಮಾತು. "ಈ ಸಲ ಎಲ್ಲಿಗೆ?" ಊಟಿ, ಕೊಡಗು, ಜೋಗ ಎಲ್ಲಾ ಆಯಿತು. ಮಕ್ಕಳಿಗೆ ಹುಲಿ ನೋಡಬೇಕು. ಯಜಮಾನರಿಗೆ ಹೊಸ ಕ್ಯಾಮರಾ ಹೊರಗೆ ತೆಗೆಯಬೇಕು. ಸರಿ, ಮಧ್ಯಪ್ರದೇಶದ ಕಾನ್ಹಾ ಕಾಡಿಗೆ ಹೋಗೋಣ ಎಂದು ತೀರ್ಮಾನವಾಗುತ್ತದೆ. ರೈಲಿನ ಟಿಕೆಟ್ಟು, ಸಫಾರಿಯ ಬುಕಿಂಗು, ವಸತಿ, ಇವೆಲ್ಲ ಅವರ ಪಾಲಿಗೆ. ಪೆಟ್ಟಿಗೆ ತುಂಬುವ ಕೆಲಸ ಮಾತ್ರ ನಮ್ಮ ಪಾಲಿಗೆ! ಹೌದು ತಾನೇ?

ಆ ಪೆಟ್ಟಿಗೆಯ ವಿಷಯವನ್ನೇ ಇವತ್ತು ನಿಮ್ಮ ಹತ್ತಿರ ಮಾತಾಡಬೇಕು ಅಂತಿದ್ದೇನೆ. "ಕಾಡಿಗೆ ಹೋಗೋದಕ್ಕೆ ಎಂಥಾ ಬಟ್ಟೆ ಆದರೇನು, ನೋಡೋಕೆ ಯಾರಿದ್ದಾರೆ?" ಅಂತ ನಗಬೇಡಿ. ನಾನೂ ಒಂದು ಕಾಲದಲ್ಲಿ ಹಾಗೇ ನಕ್ಕವಳು.

ನಾನು ಕಲಿತ ಪಾಠ

ಕೆಲವು ವರ್ಷಗಳ ಹಿಂದಿನ ಮಾತು. ಜನವರಿ ತಿಂಗಳು. ನಾನು, ನಮ್ಮವರು, ಇಬ್ಬರು ಮಕ್ಕಳು. ಒಂದು ವಾರದಿಂದ ಪೆಟ್ಟಿಗೆ ತುಂಬಿದ್ದೇ ತುಂಬಿದ್ದು. ಮಕ್ಕಳಿಗೆ ಎರಡೆರಡು ಸ್ವೆಟರು, ಟೋಪಿ, ಕಾಲುಚೀಲ. ಅವರಿಗೆ ಜಾಕೆಟ್ಟು, ಬೇಡ ಬೇಡ ಅಂದರೂ ಒಂದು ಮಫ್ಲರು. ದಾರಿಗೆ ಚಕ್ಕುಲಿ, ಕೋಡುಬಳೆ, ಪುಳಿಯೋಗರೆ ಗೊಜ್ಜು. ಕೊನೆಗೆ ರಾತ್ರಿ ಹನ್ನೊಂದು ಗಂಟೆಗೆ ನನ್ನ ಬಟ್ಟೆಯ ಸರದಿ ಬಂತು. ಪೆಟ್ಟಿಗೆಯಲ್ಲಿ ಜಾಗವೂ ಇರಲಿಲ್ಲ, ನನ್ನಲ್ಲಿ ತ್ರಾಣವೂ ಇರಲಿಲ್ಲ. ನಾಲ್ಕು ವಾಯಿಲ್ ಸೀರೆ, ಒಂದು ಶಾಲು ತುರುಕಿ ಮುಚ್ಚಳ ಹಾಕಿಬಿಟ್ಟೆ. ಕಾಲಿಗೆ ದಿನಾ ಹಾಕುವ ಚಪ್ಪಲಿ. "ನಂಗೇನು, ಹೇಗೋ ಆಗತ್ತೆ" ಅಂದುಕೊಂಡೆ.

ಮೊದಲ ದಿನ ಬೆಳಗಿನ ಜಾವ ಸಫಾರಿ ಜೀಪು ಹತ್ತಿದೆವು. ಮೇಲೆ ಮುಚ್ಚಿಗೆ ಇಲ್ಲ, ಪಕ್ಕದಲ್ಲಿ ಕಿಟಕಿ ಇಲ್ಲ. ಜೀಪು ಹೊರಟ ಐದು ನಿಮಿಷಕ್ಕೆ ಕಿರಿಯವನು ಗಡಗಡ ನಡುಗತೊಡಗಿದ. ನನ್ನ ಶಾಲು ಅವನ ಮೈಮೇಲೆ ಹೋಯಿತು. ಆಮೇಲೆ ನನ್ನ ಗತಿ ಕೇಳಬೇಡಿ. ಸೀರೆಯ ನೆರಿಗೆಯ ಕೆಳಗಿನಿಂದ ಗಾಳಿ ನುಗ್ಗುತ್ತಿದೆ, ಕಾಲಿನ ಬೆರಳು ಇದೆಯೋ ಇಲ್ಲವೋ ತಿಳಿಯುತ್ತಿಲ್ಲ. "ಅಮ್ಮಾ, ಅಲ್ನೋಡು ಜಿಂಕೆ" ಎಂದು ಮಗಳು ದುರ್ಬೀನು ಕೊಟ್ಟರೆ ನಡುಗುವ ಕೈಯಲ್ಲಿ ಜಿಂಕೆಯೂ ಕುಣಿಯುತ್ತದೆ, ಮರವೂ ಕುಣಿಯುತ್ತದೆ!

ಮಾರನೆಯ ದಿನ "ನೀವು ಹೋಗ್ಬನ್ನಿ, ನನಗೆ ತಲೆನೋವು" ಎಂದು ಕಂಬಳಿ ಹೊದ್ದು ಕೋಣೆಯಲ್ಲೇ ಉಳಿದೆ. ಹನ್ನೊಂದು ಗಂಟೆಗೆ ಮೂವರೂ ಕೂಗುತ್ತಾ ಬಂದರು. "ಅಮ್ಮಾ, ಹುಲಿ! ಜೊತೆಗೆ ಎರಡು ಮರಿ! ರಸ್ತೆ ಮೇಲೇ ನಡ್ಕೊಂಡು ಬಂತು!"

ಸಂತೋಷವಾಯಿತು, ನಿಜ. ಆದರೆ ಇವತ್ತಿಗೂ ಮನೆಗೆ ಯಾರಾದರೂ ಬಂದಾಗ ಅವರು ಮೂವರೂ ಆ ಹುಲಿಯ ಕತೆ ಹೇಳುತ್ತಾರೆ. ಕೇಳುವವರ ಸಾಲಿನಲ್ಲಿ ನಾನೂ ಕೂತಿರುತ್ತೇನೆ. ಸಾವಿರಾರು ರೂಪಾಯಿ ಖರ್ಚು ಮಾಡಿ, ಅಷ್ಟು ದೂರ ಹೋಗಿ, ಒಂದು ಸ್ವೆಟರಿನ ದೆಸೆಯಿಂದ ನಾನು ಹುಲಿ ನೋಡಲಿಲ್ಲ. ನಿಮಗೆ ಹಾಗಾಗಬಾರದು ಅಂತಲೇ ಈ ಬರಹ.

ನಮ್ಮ ಚಳಿ, ಅಲ್ಲಿಯ ಚಳಿ

ಬೆಂಗಳೂರಿನಲ್ಲಿ ಜನವರಿಯ ಬೆಳಗ್ಗೆ 15 ಡಿಗ್ರಿಯ ಆಸುಪಾಸಿಗೆ ಇಳಿದರೆ ನಾವು "ಅಬ್ಬಾ ಚಳಿ" ಎಂದು ಮಂಕಿ ಕ್ಯಾಪು ಹುಡುಕುತ್ತೇವೆ. ಕಾನ್ಹಾದಲ್ಲಿ ಡಿಸೆಂಬರ್ ಕೊನೆ ಮತ್ತು ಜನವರಿಯ ರಾತ್ರಿಗಳಲ್ಲಿ ಉಷ್ಣತೆ ಎರಡು ಮೂರು ಡಿಗ್ರಿಗೆ, ಕೆಲವು ದಿನ ಸೊನ್ನೆಯ ಹತ್ತಿರಕ್ಕೂ ಇಳಿಯುವುದುಂಟು. ತಣ್ಣನೆಯ ಗಾಳಿ ಭಾರವಾದದ್ದು. ರಾತ್ರಿಯೆಲ್ಲ ಇಳಿದಿಳಿದು ತಗ್ಗಿನ ಹುಲ್ಲುಗಾವಲಿನಲ್ಲಿ ನಿಂತುಬಿಡುತ್ತದೆ. ಬೆಳಿಗ್ಗೆ ನೋಡಿದರೆ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಬಿಳೀ ಹಿಮ! ಜಿಂಕೆಗಳು ಮೇಯಲು ಬರುವುದು, ನಮ್ಮ ಜೀಪು ಹೋಗಿ ನಿಲ್ಲುವುದು ಅಂಥ ಕಡೆಯೇ.

ಇದರ ಮೇಲೆ ಗಾಳಿಯ ಹೊಡೆತ ಬೇರೆ. ಹೊರಗೆ 5 ಡಿಗ್ರಿ ಇದೆ ಅಂತಿಟ್ಟುಕೊಳ್ಳಿ. ಜೀಪು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋದರೆ ಸಾಕು, ಮುಖಕ್ಕೆ ಬಡಿಯುವ ಗಾಳಿಯಿಂದ ಆ 5 ಡಿಗ್ರಿ ಮೈಗೆ 1 ಡಿಗ್ರಿಯಂತೆ ತಾಗುತ್ತದೆ. ನಡೆಯುವಾಗ ಮೈ ಬಿಸಿಯಾಗುತ್ತದೆ. ಸಫಾರಿಯಲ್ಲಿ ನಾವು ನಾಲ್ಕು ಗಂಟೆ ಕೂತೇ ಇರುತ್ತೇವೆ, ಗೊತ್ತುಮಾಡಿದ ಜಾಗ ಬಿಟ್ಟು ಬೇರೆಲ್ಲೂ ಕೆಳಗಿಳಿಯುವ ಹಾಗಿಲ್ಲ. ಬಚ್ಚಲಿನಲ್ಲಿ ಬಿಸಿನೀರು ಕಾದಿದೆ ಅಂತ ಓಡಿ ಹೋಗೋದಕ್ಕೆ ಅದೇನು ನಮ್ಮ ಮನೆಯೇ?

ತಮಾಷೆ ಏನೆಂದರೆ, ಹತ್ತು ಗಂಟೆಗೆಲ್ಲ ಬಿಸಿಲು ಚುರುಗುಟ್ಟುತ್ತದೆ. ಮಧ್ಯಾಹ್ನ 20-25 ಡಿಗ್ರಿ. ಒಂದೇ ದಿನದಲ್ಲಿ ಎರಡು ಋತು! ಇದಕ್ಕೆ ತಕ್ಕ ಹಾಗೆ ಬಟ್ಟೆ ಇಟ್ಟುಕೊಳ್ಳುವುದೇ ಜಾಣತನ.

ಈರುಳ್ಳಿಯ ಉಪಾಯ

ಒಂದೇ ಒಂದು ದಪ್ಪ ಕೋಟು ಕೊಂಡರೆ ಆಯಿತು ಎಂದುಕೊಳ್ಳುವವರು ಬಹಳ. ಅದು ಸರಿಯಲ್ಲ. ಹಾಕಿಕೊಂಡರೆ ಬೆವರು, ತೆಗೆದರೆ ನಡುಕ. ಈರುಳ್ಳಿಯನ್ನು ನೋಡಿ, ಪದರದ ಮೇಲೆ ಪದರ. ನಮ್ಮ ಬಟ್ಟೆಯೂ ಹಾಗೇ ಇರಬೇಕು. ಬಿಸಿ ಕೊಡುವುದು ಬಟ್ಟೆಯಲ್ಲ, ಎರಡು ಬಟ್ಟೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಆದ್ದರಿಂದ ಒಂದು ದಪ್ಪ ಬಟ್ಟೆಗಿಂತ ಮೂರು ತೆಳು ಬಟ್ಟೆಗಳು ಮೇಲು.

ಮೈಗೆ ತಾಗುವ ಮೊದಲ ಪದರ: ಥರ್ಮಲ್ ಎಂದು ಅಂಗಡಿಗಳಲ್ಲಿ ಸಿಗುವ ಮೈಗಂಟುವ ತೋಳಿನ ಬನಿಯನ್ನು ಮತ್ತು ಕಾಲಿನದು. ಇಲ್ಲಿ ದಪ್ಪ ಹತ್ತಿ ಬಟ್ಟೆ ಬೇಡ. ಹತ್ತಿ ಬೆವರು, ಇಬ್ಬನಿ ಎರಡನ್ನೂ ಕುಡಿದು ತಣ್ಣಗೆ ಮೈಗೆ ಅಂಟಿಕೊಳ್ಳುತ್ತದೆ.

ಎರಡನೆಯದು: ಉಣ್ಣೆಯ ಸ್ವೆಟರು. ಅಜ್ಜಿ ಹೆಣೆದದ್ದು ಇದ್ದರೆ ಇನ್ನೂ ಚೆನ್ನ. ಉಣ್ಣೆ ಸ್ವಲ್ಪ ಒದ್ದೆಯಾದರೂ ಬೆಚ್ಚಗಿಡುತ್ತದೆ. ತಲೆಯ ಮೇಲಿಂದ ಎಳೆಯುವುದಕ್ಕಿಂತ ಮುಂದೆ ಗುಂಡಿ ಅಥವಾ ಜಿಪ್ ಇರುವುದು ಒಳ್ಳೆಯದು. ಜೀಪಿನಲ್ಲಿ ಆರು ಜನರ ಮಧ್ಯೆ ಮೊಣಕೈ ತಾಗಿಸದೆ ಬಿಚ್ಚಬಹುದು.

ಮೂರನೆಯದು: ಗಾಳಿ ತಡೆಯುವ ಜಾಕೆಟ್ಟು. ಎಷ್ಟೇ ಒಳ್ಳೆಯ ಸ್ವೆಟರಾದರೂ ಅದರ ಕಣ್ಣುಗಳಲ್ಲಿ ಗಾಳಿ ತೂರುತ್ತದೆ. ನಮ್ಮ ಕಿರಿಯವನು ಎರಡು ಸ್ವೆಟರು ಹಾಕಿಕೊಂಡೂ ನಡುಗಿದ್ದು ಇದಕ್ಕೇ. ತೆಳ್ಳಗಿದ್ದರೂ ಸರಿ, ಗಾಳಿಗೆ ಅಡ್ಡವಾಗುವ ಬಟ್ಟೆ ಹೊರಗಿರಬೇಕು.

ಇವುಗಳ ಮೇಲೆ ಶಾಲು. ಹೊದೆಯಬಹುದು, ತೊಡೆಯ ಮೇಲೆ ಹಾಸಿಕೊಳ್ಳಬಹುದು, ಸುತ್ತಿ ದಿಂಬೂ ಮಾಡಬಹುದು. ಬಿಸಿಲೇರಿದಂತೆ ಒಂದೊಂದೇ ಪದರ ಬಿಚ್ಚಿ ಬಟ್ಟೆಯ ಚೀಲಕ್ಕೆ ಹಾಕಿ. ಆ ಖಾಲಿ ಚೀಲವನ್ನು ಒಯ್ಯಲು ಮರೆಯಬೇಡಿ. ಇಲ್ಲದಿದ್ದರೆ ಎಲ್ಲರ ಸ್ವೆಟರೂ ಅಮ್ಮನ ಮಡಿಲಿಗೇ!

ತುದಿಗಳನ್ನು ಮರೆಯಬೇಡಿ

ಚಳಿ ಮೊದಲು ಹಿಡಿಯುವುದು ತುದಿಗಳನ್ನು. ಕಿವಿ, ಮೂಗು, ಕೈಬೆರಳು, ಕಾಲ್ಬೆರಳು. ಕಿವಿ ಮುಚ್ಚುವ ಉಣ್ಣೆಯ ಟೋಪಿ, ಕತ್ತಿಗೆ ಮಫ್ಲರು, ಕೈಗವಸು ಇರಲಿ. ಕಾಲಿಗೆ ಬೂಟು ಮತ್ತು ದಪ್ಪ ಕಾಲುಚೀಲ. ಆದರೆ ಬೂಟು ಬಿಗಿಯಾಗುವಷ್ಟು ಕಾಲುಚೀಲ ಹಾಕಬೇಡಿ. ರಕ್ತ ಓಡಾಡದಿದ್ದರೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಹೊಸ ಬೂಟು ಕೊಂಡಿದ್ದರೆ ಒಂದು ವಾರ ಮುಂಚೆಯೇ ಮನೆಯಲ್ಲಿ ಹಾಕಿ ಓಡಾಡಿ. ಅಡಿಗೆಮನೆಯಲ್ಲಿ ಬೂಟು ಅಂತ ಅತ್ತೆ ಗೊಣಗಿದರೆ ವರಾಂಡದಲ್ಲಿ!

ಮಧ್ಯಾಹ್ನಕ್ಕೆ ಅಂಚಿರುವ ಹತ್ತಿ ಟೋಪಿ ಬೇರೆ ಬೇಕು. ಕಾಡಿನ ದಾರಿಯ ಧೂಳಿಗೆ ಮೂಗು ಬಾಯಿ ಮುಚ್ಚಲು ತೆಳ್ಳನೆಯ ದುಪಟ್ಟ ಸಾಕು.

ಸೀರೆ ಉಡುವವರಿಗೆ

"ನನಗೆ ಸೀರೆ ಬಿಟ್ಟು ಬೇರೆ ಅಭ್ಯಾಸವಿಲ್ಲ" ಅನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರು ಹೆದರಬೇಕಾಗಿಲ್ಲ. ಲಂಗದ ಒಳಗೆ ಕಾಲಿಗೆ ಥರ್ಮಲ್, ಅದರ ಮೇಲೆ ಮೊಣಕಾಲಿನವರೆಗಿನ ಉಣ್ಣೆಯ ಕಾಲುಚೀಲ, ಬೂಟು. ರವಿಕೆಯ ಬದಲು ಉದ್ದ ತೋಳಿನ ಉಣ್ಣೆಯ ರವಿಕೆ. ಸೀರೆ ಗಿಡ್ಡಕ್ಕೆ ಉಟ್ಟು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಸ್ವೆಟರು, ಜಾಕೆಟ್ಟು. ಜೀಪು ಹತ್ತಿಳಿಯುವಾಗ ನೆರಿಗೆ ತೊಡರದಂತೆ ಒಂದು ಪಿನ್ನು. ನೋಡುವುದಕ್ಕೆ ಸ್ವಲ್ಪ ವಿಚಿತ್ರ, ನಿಜ. ಆದರೆ ಹುಲಿ ನಿಮ್ಮನ್ನು ನೋಡಿ ನಗುವುದಿಲ್ಲ!

ಸಲ್ವಾರು ಅಥವಾ ಪ್ಯಾಂಟು ಹಾಕುವವರಿಗೆ ಕೆಲಸ ಹಗುರ. ಒಂದು ಸೂಕ್ಷ್ಮದ ವಿಷಯ ಮಾತ್ರ ಹೇಳಿಬಿಡುತ್ತೇನೆ. ಸೊಂಟಕ್ಕೆ ಲಾಡಿಯ ಬದಲು ಎಲಾಸ್ಟಿಕ್ ಇರಲಿ. ಚಳಿಗೆ ಮರಗಟ್ಟಿದ ಬೆರಳಿನಲ್ಲಿ ಮೂರು ಪದರದ ಗಂಟು ಬಿಚ್ಚುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಈ ಭಯಕ್ಕೇ ನಮ್ಮಲ್ಲಿ ಅನೇಕರು ಬೆಳಗ್ಗೆಯಿಂದ ಒಂದು ತೊಟ್ಟು ನೀರೂ ಕುಡಿಯುವುದಿಲ್ಲ. ಹಾಗೆ ಮಾಡಬೇಡಿ. ಹೊರಡುವ ಮುಂಚೆ ವಸತಿಯಲ್ಲೇ ಶೌಚಕ್ಕೆ ಹೋಗಿಬನ್ನಿ. ತಿಂಗಳ ದಿನಗಳು ಆಚೀಚೆ ಆಗುವ ಸಂಭವವಿದ್ದರೆ ಬೇಕಾದದ್ದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ.

ಇನ್ನು ಜೇಬು! ಗಂಡಸರ ಬಟ್ಟೆಗೆ ಆರು ಜೇಬು, ನಮ್ಮದಕ್ಕೆ ಒಂದೂ ಇಲ್ಲ. ಗೇಟಿನಲ್ಲಿ ಗುರುತಿನ ಚೀಟಿ ತೋರಿಸಬೇಕು. ಕನ್ನಡಕ, ಕರವಸ್ತ್ರ, ಮಾತ್ರೆ ಕೈಗೆ ಸಿಗಬೇಕು. ಆದ್ದರಿಂದ ಜಾಕೆಟ್ಟು ಕೊಳ್ಳುವಾಗ ಒಳಜೇಬು ಇದೆಯೇ ಅಂತ ಮೊದಲು ನೋಡಿ.

ಬಣ್ಣ, ಸದ್ದು, ಪರಿಮಳ

ಕಾಡಿಗೆ ಮಣ್ಣಿನ ಬಣ್ಣ, ಒಣಹುಲ್ಲಿನ ಬಣ್ಣ, ಎಲೆಹಸಿರು ಚೆಂದ. ಜಿಂಕೆಗಳಿಗೆ ಕೆಂಪು, ಕಿತ್ತಳೆ ಬಣ್ಣಗಳು ನಮಗೆ ಕಂಡ ಹಾಗೆ ಕಾಣುವುದಿಲ್ಲ. ಹುಲಿಯ ಕಿತ್ತಳೆ ಮೈ ಕೂಡ ಅವಕ್ಕೆ ಸುತ್ತಲಿನ ಹಸಿರಿನಂತೆಯೇ ಕಾಣುತ್ತದೆ. ಅದಕ್ಕೇ ಹುಲ್ಲಿನಲ್ಲಿ ಹುಲಿ ಅಡಗಬಲ್ಲದು. ಆದರೆ ನೀಲಿ ಅವಕ್ಕೆ ಚೆನ್ನಾಗಿ ಕಾಣುತ್ತದೆ, ಬಿಳಿಯಂತೂ ಹೊಳೆಯುತ್ತದೆ. ಅದಕ್ಕಿಂತ ಹೆಚ್ಚಾಗಿ ಅವು ಬೆಚ್ಚುವುದು ಚಲನೆಗೆ. ಗಾಳಿಗೆ ಪಟಪಟ ಹಾರುವ ಸೆರಗು, ದುಪಟ್ಟ ಬೇಡ. ಸೈನಿಕರ ಮಚ್ಚೆ ಮಚ್ಚೆ ಉಡುಪಿನ ಹಾಗಿನದೂ ಬೇಡ. ಅದು ಅವರಿಗೇ ಇರಲಿ.

ಸರಬರ ಸದ್ದು ಮಾಡುವ ಪ್ಲಾಸ್ಟಿಕ್ಕಿನಂಥ ಜಾಕೆಟ್ಟನ್ನು ಅಂಗಡಿಯಲ್ಲೇ ತೋಳಾಡಿಸಿ ಪರೀಕ್ಷಿಸಿ. ಕಾಡಿನಲ್ಲಿ ಹುಲಿಯ ಸುಳಿವು ಸಿಗುವುದು ಕಿವಿಯಿಂದ, ಜಿಂಕೆಯ ಕೂಗು, ಕೋತಿಯ ಕೆಮ್ಮಿನಿಂದ. ನಾವು ಗಾಜಿನ ಬಳೆ ಝಣಝಣ, ಗೆಜ್ಜೆ ಘಲ್ ಎನಿಸಿದರೆ ಅದು ಕೇಳುವುದು ಹೇಗೆ? ಒಂದೊಂದು ಬಳೆ ಇಟ್ಟುಕೊಂಡು ಉಳಿದದ್ದನ್ನು ಮನೆಯಲ್ಲೇ ಬಿಟ್ಟು ಬನ್ನಿ. ಸೆಂಟು ಬೇಡವೇ ಬೇಡ. ಪ್ರಾಣಿಗಳ ಮೂಗು ನಮ್ಮದಕ್ಕಿಂತ ಬಹಳ ಚುರುಕು.

ಮೂಗಿನ ಮಾತು ಬಂದಾಗ ಇನ್ನೊಂದು. ವರ್ಷಗಟ್ಟಲೆ ಟ್ರಂಕಿನಲ್ಲಿದ್ದ ಉಣ್ಣೆ ಬಟ್ಟೆಗೆ ನುಸಿಗುಳಿಗೆಯ ವಾಸನೆ ಹತ್ತಿರುತ್ತದೆ. ಹೊರಡುವ ನಾಲ್ಕು ದಿನ ಮುಂಚೆ ತೆಗೆದು ಗಾಳಿ ಬಿಸಿಲಿಗೆ ಹರಡಿ. ನುಸಿ ತಿಂದ ತೂತು ಎಲ್ಲಿದೆ ಅಂತಲೂ ಆಗಲೇ ತಿಳಿಯುತ್ತದೆ, ಹೊಲಿಯಲು ಸಮಯವೂ ಇರುತ್ತದೆ.

ಮಕ್ಕಳಿಗೆ, ಹಿರಿಯರಿಗೆ

ಬೆಳೆಯುವ ಮಕ್ಕಳಿಗೆ ದುಬಾರಿ ಜಾಕೆಟ್ಟು ಕೊಳ್ಳಬೇಡಿ. ದೆಹಲಿಯಿಂದ ವರ್ಗವಾಗಿ ಬಂದವರು, ಕಾಶಿ ಬದರಿಗೆ ಹೋಗಿಬಂದವರು ನಿಮ್ಮ ಬೀದಿಯಲ್ಲೇ ಇರುತ್ತಾರೆ. ಕೇಳಿದರೆ ಸಂತೋಷದಿಂದ ಕೊಡುತ್ತಾರೆ. ಬರುವಾಗ ಒಗೆದು ಮಡಿಸಿ, ಜೊತೆಗೊಂದು ಡಬ್ಬಿ ಎಳ್ಳುಂಡೆ ಇಟ್ಟು ಹಿಂದಿರುಗಿಸಿ. ಪ್ರತಿ ಮಗುವಿಗೂ ಒಂದು ಜೊತೆ ಹೆಚ್ಚಿನ ಕಾಲುಚೀಲ, ಕೈಗವಸು ಇರಲಿ. ಒಂದನ್ನು ಕಳೆಯುವುದು ಅವರ ಜನ್ಮಸಿದ್ಧ ಹಕ್ಕು!

ಹಿರಿಯರಿಗೆ ರಬ್ಬರಿನ ಬಿಸಿನೀರ ಚೀಲಕ್ಕಿಂತ ಸುಖ ಬೇರಿಲ್ಲ. ವಸತಿಯಲ್ಲಿ ಬಿಸಿನೀರು ಕೇಳಿ ತುಂಬಿಸಿ, ಬಿರಡೆ ಭದ್ರ ಮಾಡಿ, ಟವೆಲ್ಲು ಸುತ್ತಿ ಮಡಿಲಲ್ಲಿಡಿ. ಬರಿ ಮೈಗೆ ತಾಗಿಸಬಾರದು.

ಒಳ ಉಡುಪು ಮಾತ್ರ ದಿನಕ್ಕೊಂದರ ಲೆಕ್ಕಕ್ಕಿಂತ ಎರಡು ಹೆಚ್ಚೇ ಇರಲಿ. ಆ ಚಳಿ ಇಬ್ಬನಿಯಲ್ಲಿ ಒಗೆದದ್ದು ಒಣಗುವ ಭರವಸೆಯಿಲ್ಲ. ಸ್ವೆಟರು ಒಂದೇ ಸಾಕು, ದಿನಾ ಬದಲಿಸಬೇಕಾಗಿಲ್ಲ. ತುಟಿಗೆ ವ್ಯಾಸಲೀನು, ಕೈಕಾಲಿಗೆ ಕೋಲ್ಡ್ ಕ್ರೀಮು. ತಲೆಗೆ ಕೊಬ್ಬರಿ ಎಣ್ಣೆ ಒಯ್ಯುವವರು ಅಗಲ ಬಾಯಿಯ ಡಬ್ಬಿಯಲ್ಲಿ ಹಾಕಿ. ಅಲ್ಲಿ ಅದು ಕಲ್ಲಿನಂತೆ ಗಟ್ಟಿ, ಸೀಸೆಯನ್ನು ಎಷ್ಟು ಕುಲುಕಿದರೂ ಬಾರದು.

ನಮ್ಮ ಕಾಡಿಗಾದರೆ? ಹೊರದೇಶಕ್ಕಾದರೆ?

ಬಂಡೀಪುರ, ನಾಗರಹೊಳೆಗೆ ಹೋಗುವವರಿಗೆ ಇಷ್ಟೆಲ್ಲ ಬೇಡ. ಒಂದು ಸ್ವೆಟರು, ಗಾಳಿ ತಡೆಯುವ ತೆಳು ಜಾಕೆಟ್ಟು, ಟೋಪಿ, ಕಾಲುಚೀಲ ಸಾಕು. ಕಬಿನಿಯಲ್ಲಿ ದೋಣಿಯ ಸವಾರಿ ಮಾಡುವುದಾದರೆ ಮಫ್ಲರು ಮರೆಯಬೇಡಿ. ನೀರ ಮೇಲಿನ ಗಾಳಿ ಕಿವಿಗೆ ನೇರವಾಗಿ ಬರುತ್ತದೆ.

ಮಗ ಸೊಸೆ ಹೊರದೇಶದಲ್ಲಿದ್ದು ಆಫ್ರಿಕಾ ಸಫಾರಿಗೆ ಕರೆದಿದ್ದಾರೆಯೇ? ಆ ಖಂಡದ ದಕ್ಷಿಣದ ದೇಶಗಳಲ್ಲಿ ಚಳಿಗಾಲ ಜೂನ್‌ನಿಂದ ಆಗಸ್ಟ್. ಜಿಂಬಾಬ್ವೆಯ ಹ್ವಾಂಗೆ ಕಾಡಿನಲ್ಲಿ ಆಗ ರಾತ್ರಿ ಸೊನ್ನೆ ಡಿಗ್ರಿಯ ಹತ್ತಿರ ಹೋಗುವುದುಂಟು. ಅಲ್ಲಿಗೂ ಈರುಳ್ಳಿಯ ಉಪಾಯವೇ. ಆದರೆ ಮೂರು ಎಚ್ಚರಿಕೆ. ಜಿಂಬಾಬ್ವೆ, ಜಾಂಬಿಯಾಗಳಲ್ಲಿ ಸೈನಿಕರ ಮಚ್ಚೆ ಬಟ್ಟೆ ಹಾಕುವುದು ಕಾನೂನಿಗೆ ವಿರುದ್ಧ. ಕಡುನೀಲಿ, ಕಪ್ಪು ಬಟ್ಟೆಗೆ ಕಚ್ಚುವ ತ್ಸೆತ್ಸೆ ನೊಣಗಳು ಮುತ್ತುತ್ತವೆ. ಇನ್ನು ಕೀನ್ಯಾ ದೇಶದಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದೆ. ಬಟ್ಟೆ ಸುತ್ತಲು ನಮ್ಮ ಹಳೆಯ ಬಟ್ಟೆ ಚೀಲವೇ ಕ್ಷೇಮ.

ಕತ್ತರಿಸಿ ಅಲಮಾರಿಗೆ ಅಂಟಿಸಿಕೊಳ್ಳಿ

ನಾಲ್ಕು ದಿನದ ಪ್ರವಾಸಕ್ಕೆ, ಒಬ್ಬೊಬ್ಬರಿಗೆ:

ಥರ್ಮಲ್ ಮೇಲಿನದು, ಕೆಳಗಿನದು: 2 ಜೊತೆ
ತೆಳ್ಳನೆಯ ಪೂರ್ತಿ ತೋಳಿನ ಅಂಗಿ ಅಥವಾ ಕುರ್ತಾ: 3
ಪ್ಯಾಂಟು, ಸಲ್ವಾರು ಅಥವಾ ಸೀರೆ: 3
ಮುಂದೆ ತೆರೆಯುವ ಉಣ್ಣೆಯ ಸ್ವೆಟರು: 1
ಗಾಳಿ ತಡೆಯುವ, ಸದ್ದು ಮಾಡದ ಜಾಕೆಟ್ಟು: 1
ಶಾಲು: 1
ಉಣ್ಣೆಯ ಟೋಪಿ, ಬಿಸಿಲಿನ ಟೋಪಿ: ಒಂದೊಂದು
ಮಫ್ಲರು: 1, ಕೈಗವಸು: 1 ಜೊತೆ
ದಪ್ಪ ಕಾಲುಚೀಲ: 4 ಜೊತೆ
ಪಳಗಿದ ಬೂಟು: 1 ಜೊತೆ, ವಸತಿಯಲ್ಲಿ ಓಡಾಡಲು ಚಪ್ಪಲಿ
ಒಳ ಉಡುಪು: 6 ಜೊತೆ
ಖಾಲಿ ಬಟ್ಟೆ ಚೀಲ: 1

ಜಾಕೆಟ್ಟು, ಬೂಟುಗಳನ್ನು ಪೆಟ್ಟಿಗೆಗೆ ಹಾಕಬೇಡಿ, ಪ್ರಯಾಣದಲ್ಲಿ ಹಾಕಿಕೊಂಡೇ ಹೋಗಿ. ಜಬಲ್ಪುರದಲ್ಲಿ ರೈಲಿಳಿದ ಮೇಲೆ ಕಾನ್ಹಾಕ್ಕೆ ಇನ್ನೂ ಸುಮಾರು 160 ಕಿಲೋಮೀಟರ್ ರಸ್ತೆಯಿದೆ. ಚಳಿ ದಾರಿಯಲ್ಲೇ ಎದುರಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು

ಈ ಪಟ್ಟಿಯನ್ನು ಬರೆಯುವಾಗ ಮೊದಲ ಹೆಸರು ನಿಮ್ಮದಿರಲಿ. ಹೌದು, ಮಕ್ಕಳಿಗಿಂತ ಮುಂಚೆ! ಇದು ಸ್ವಾರ್ಥ ಅಂತೀರಾ? ಅಲ್ಲ. ಅಮ್ಮ ಬೆಚ್ಚಗಿದ್ದರೆ ತಾನೇ ಮಕ್ಕಳನ್ನು ನೋಡಿಕೊಳ್ಳುವುದು? ಶಾಲನ್ನು ಮಗುವಿಗೆ ಹೊದಿಸುವುದು ನಮ್ಮ ಸ್ವಭಾವ, ಅದನ್ನು ಬಿಡಲಾಗದು. ಹಾಗೆ ಕೊಟ್ಟ ಮೇಲೂ ನಮ್ಮ ಮೈಮೇಲೆ ಸಾಕಷ್ಟು ಉಳಿದಿರಬೇಕು, ಅಷ್ಟೇ.

ಎರಡು ವರ್ಷದ ಹಿಂದೆ ಡಿಸೆಂಬರಿನಲ್ಲಿ ಮತ್ತೆ ಕಾನ್ಹಾಕ್ಕೆ ಹೋದೆವು. ಈ ಸಲ ನಮ್ಮ ಅತ್ತೆಯವರೂ ಜೊತೆಗಿದ್ದರು. ಅರವತ್ತೆಂಟು ವರ್ಷ, ಉಟ್ಟದ್ದು ಸೀರೆಯೇ, ಒಳಗೆ ಹೊರಗೆ ಮೇಲೆ ಹೇಳಿದ ಎಲ್ಲ ಸಿದ್ಧತೆ. ನನ್ನ ಬಟ್ಟೆಯನ್ನು ಎಲ್ಲರಿಗಿಂತ ಮುಂಚೆ ಪೆಟ್ಟಿಗೆಗೆ ಇಟ್ಟಿದ್ದೆ. ಜೀಪು ಹುಲ್ಲುಗಾವಲಿನ ಅಂಚಿನಲ್ಲಿ ನಿಂತಿತು. ಬಿಳೀ ಹಿಮದ ಮೇಲೆ ಆಗತಾನೇ ಬಿಸಿಲು ಬಿದ್ದು ಹೊಗೆಯಾಡುತ್ತಿತ್ತು. ಅದರ ನಡುವೆ ಬಾರಾಸಿಂಗಾ ಜಿಂಕೆಗಳು. 1970ರಲ್ಲಿ ಬರೀ 66 ಉಳಿದಿದ್ದವಂತೆ, ಈಗ ಸಾವಿರದ ಸುಮಾರಿಗೆ ಏರಿವೆ ಎಂದು ಗೈಡು ಪಿಸುಗುಟ್ಟಿದ. ಚಳಿಗಾಲ ಅವುಗಳ ಮದುವೆಯ ಕಾಲ. ದೊಡ್ಡ ಗಂಡೊಂದು ಕೊಂಬಿನ ತುಂಬ ಹುಲ್ಲು ಸಿಕ್ಕಿಸಿಕೊಂಡು ಬಾಸಿಂಗ ಕಟ್ಟಿದ ಮದುವಣಿಗನ ಹಾಗೆ ಬಂದು, ಕತ್ತೆತ್ತಿ ಕಹಳೆ ಊದಿದಂತೆ ಕೂಗಿತು.

"ನೋಡೇ, ಅದರ ಠೀವಿ ನೋಡೇ" ಅಂದರು ಅತ್ತೆ. ದುರ್ಬೀನು ನನ್ನ ಕೈಯಲ್ಲಿತ್ತು. ಅಲುಗಾಡಲಿಲ್ಲ.

ಆ ಸಲ ಹುಲಿ ಕಾಣಲಿಲ್ಲ. ಪರವಾಗಿಲ್ಲ. ಮನೆಗೆ ಯಾರಾದರೂ ಬಂದಾಗ ಈಗ ಹೇಳುವುದಕ್ಕೆ ನನ್ನದೂ ಒಂದು ಕತೆಯಿದೆ.